ಮೂಳೆ 206, 300, ಇಲ್ಲಾ 360? ಆಯುರ್ವೇದ ಕಾಲೇಜುಗಳ ಇನ್ನೂರು ವರ್ಷದ ಜಗಳ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆಯನ್ನ ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡ್ತೀನಿ. ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಇದ್ದೀರಾ ಅಂದ್ರೆ ಮನಸ್ಸಲ್ಲೇ ಉತ್ತರ ಹೇಳ್ಕೊಳ್ಳಿ. ಮನುಷ್ಯನ ದೇಹದಲ್ಲಿ ಎಷ್ಟು ಮೂಳೆ ಇವೆ?

206 ಅಂದ್ರಿ ಅಲ್ವಾ? ಹೈಸ್ಕೂಲ್ ವಿಜ್ಞಾನ ಪುಸ್ತಕದ ಉತ್ತರ ಅದೇ. ಆದರೆ ಬಿಎಎಂಎಸ್‌ಗೆ, ಅಂದರೆ ಆಯುರ್ವೇದ ಡಿಗ್ರಿಗೆ ಸೇರಿದ ಹುಡುಗಿಗೆ ಅಥವಾ ಹುಡುಗನಿಗೆ ಮೊದಲ ವರ್ಷವೇ ಮೂರು ಉತ್ತರ ಗೊತ್ತಿರಬೇಕು. ಆಧುನಿಕ ಅನಾಟಮಿ ಪ್ರಕಾರ 206, ಸುಶ್ರುತ ಸಂಹಿತೆ ಪ್ರಕಾರ 300, ಚರಕ ಸಂಹಿತೆ ಪ್ರಕಾರ 360. ಚರಕದಲ್ಲಿ ಸಂಖ್ಯೆ ದೊಡ್ಡದಾಗೋದಕ್ಕೆ ಕಾರಣ ಇದೆ. ಅಲ್ಲಿ 32 ಹಲ್ಲು, ಆ ಹಲ್ಲು ಕೂತಿರೋ 32 ಗುಳಿ, 20 ಉಗುರು ಎಲ್ಲವನ್ನೂ ಮೂಳೆ ಲೆಕ್ಕಕ್ಕೇ ಸೇರಿಸಿದ್ದಾರೆ. ಸುಶ್ರುತದಲ್ಲಿ ಮೃದ್ವಸ್ಥಿ, ಅಂದ್ರೆ ಕಿವಿ ಮೂಗಿನಲ್ಲಿರೋ ಮೆತ್ತನೆಯ ಭಾಗ ಕೂಡ ಮೂಳೆಯೇ. ಈ ಲೆಕ್ಕ ಹೇಗೆ ಬಂತು ಅಂತ ಬಿಡಿಸೋಕೆ ರುಡಾಲ್ಫ್ ಹರ್ನ್ಲೆ ಅನ್ನೋ ವಿದ್ವಾಂಸ 1907ರಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆದರು.

ಒಂದೇ ದೇಹ, ಒಂದೇ ಕ್ಲಾಸ್‌ರೂಮ್, ಮೂರು ಲೆಕ್ಕ. ಮೂರನ್ನೂ ಓದಿಸಬೇಕಾ, ಒಂದನ್ನೇ ಓದಿಸಬೇಕಾ? ಓದಿಸೋದಾದ್ರೆ ಯಾವುದು ಸತ್ಯ ಅಂತ ಹೇಳ್ಬೇಕಾ, ಸುಮ್ಮನೆ ಇರ್ಬೇಕಾ? ಇದು ಮೇಷ್ಟ್ರ ತಲೆನೋವು ಮಾತ್ರ ಅಂದ್ಕೋಬೇಡಿ. ಇದೇ ಪ್ರಶ್ನೆಗೆ ಈ ದೇಶದಲ್ಲಿ ಕಾಲೇಜುಗಳು ಹುಟ್ಟಿವೆ, ಮುಚ್ಚಿವೆ, ವಿದ್ಯಾರ್ಥಿಗಳು ಮುಷ್ಕರ ಮಾಡಿದ್ದಾರೆ, ಸಮಿತಿ ಮೇಲೆ ಸಮಿತಿ ಕೂತಿವೆ. ಈ ಕತೆಯ ನಡುಮಧ್ಯೆ ನಮ್ಮ ದಕ್ಷಿಣ ಕನ್ನಡ ಕರಾವಳಿಯ ಒಬ್ಬರಿದ್ದಾರೆ. ಅವರ ಹತ್ರ ಬರ್ತೀನಿ, ಸ್ವಲ್ಪ ತಾಳಿ.

ಮೊದಲು ಒಂದು ಭ್ರಮೆ ಬಿಡಿಸ್ಕೊಳ್ಳೋಣ. ಹಿಂದೆ ಆಯುರ್ವೇದ ಅಂದ್ರೆ ಬರೀ ಶ್ಲೋಕ ಬಾಯಿಪಾಠ, ಕೈಕೆಲಸ ಏನೂ ಇರ್ಲಿಲ್ಲ ಅಂತ ತುಂಬ ಜನ ಹೇಳ್ತಾರೆ. ಸುಶ್ರುತ ಸಂಹಿತೆಯಲ್ಲಿ ಶಿಷ್ಯನಿಗೆ ಪ್ರಾಕ್ಟಿಕಲ್ ತರಬೇತಿ ಹೇಗೆ ಕೊಡಬೇಕು ಅಂತ ಒಂದು ಅಧ್ಯಾಯವೇ ಇದೆ. ಕೊಯ್ಯೋದನ್ನ ಕುಂಬಳಕಾಯಿ, ಸೋರೆಕಾಯಿ, ಸೌತೆಕಾಯಿ ಮೇಲೆ ಕಲೀಬೇಕು. ನರ ಚುಚ್ಚೋದನ್ನ ತಾವರೆ ದಂಟಿನ ಮೇಲೆ, ಹೊಲಿಗೆಯನ್ನ ಬಟ್ಟೆ ಮತ್ತು ಚರ್ಮದ ಮೇಲೆ, ಪಟ್ಟಿ ಕಟ್ಟೋದನ್ನ ಮನುಷ್ಯಾಕಾರದ ಬೊಂಬೆ ಮೇಲೆ. ಇವತ್ತಿನ ಸ್ಕಿಲ್ ಲ್ಯಾಬಿನ ಅಜ್ಜ ಅನ್ನಬಹುದು. ದೇಹದ ಒಳಗನ್ನ ನೋಡೋಕೂ ಒಂದು ವಿಧಾನ ಇತ್ತು. ಶವವನ್ನ ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯೋ ನೀರಲ್ಲಿ ಏಳು ರಾತ್ರಿ ಬಿಟ್ಟು, ಆಮೇಲೆ ಲಾವಂಚದ ಬೇರು, ಬಿದಿರು ಇಂಥವುಗಳ ಕುಂಚದಿಂದ ಪದರ ಪದರವಾಗಿ ಉಜ್ಜಿ ನೋಡೋದು. ಚಾಕು ಹಾಕ್ತಿರ್ಲಿಲ್ಲ, ಆದರೆ ಕಣ್ಣಿಂದ ನೋಡ್ತಿದ್ರು.

ಆದ್ರೆ ಹತ್ತೊಂಬತ್ತನೇ ಶತಮಾನ ಬರೋ ಹೊತ್ತಿಗೆ ಈ ಅಭ್ಯಾಸ ವೈದ್ಯರ ಮನೆಗಳಲ್ಲಿ ಉಳಿದಿರಲಿಲ್ಲ. ಅಪ್ಪನಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಮದ್ದು, ನಾಡಿ, ಪಥ್ಯ ಇವೆಲ್ಲ ಬಂದವು. ಶಸ್ತ್ರ ಹಿಂದೆ ಸರೀತು. ಆ ಹೊತ್ತಲ್ಲಿ ಕಲ್ಕತ್ತಾದಲ್ಲಿ ಒಂದು ವಿಚಿತ್ರ ಪ್ರಯೋಗ ನಡೀತು.

1822ರಲ್ಲಿ ಕಂಪನಿ ಸರ್ಕಾರ ಅಲ್ಲಿ ನೇಟಿವ್ ಮೆಡಿಕಲ್ ಇನ್‌ಸ್ಟಿಟ್ಯೂಷನ್ ಅಂತ ಒಂದು ಶಾಲೆ ತೆರೀತು. ದೇಶಭಾಷೆಗಳಲ್ಲಿ ವೈದ್ಯ ಪಾಠ. ಕೆಲವೇ ವರ್ಷಗಳಲ್ಲಿ ಕಲ್ಕತ್ತಾ ಸಂಸ್ಕೃತ ಕಾಲೇಜಿನಲ್ಲೂ ಆಯುರ್ವೇದದ ತರಗತಿ ಶುರುವಾಯ್ತು. ಸರ್ಕಾರದ ದುಡ್ಡಲ್ಲಿ ನಡೆಯೋ ಕಾಲೇಜಿನಲ್ಲಿ ಚರಕ, ಸುಶ್ರುತದ ಪಕ್ಕಕ್ಕೆ ಯುರೋಪಿನ ಅನಾಟಮಿ. ಇಂಥದ್ದು ನಡೆದಿದ್ದು ಎಂಟು ವರ್ಷ ಅಷ್ಟೆ. 1835ರ ಜನವರಿ 28ರಂದು ಗವರ್ನರ್ ಜನರಲ್ ಬೆಂಟಿಂಕ್ ಒಂದು ಆದೇಶ ಹೊರಡಿಸಿ ಎಲ್ಲವನ್ನೂ ಮುಚ್ಚಿದ. ಅದರ ಜಾಗದಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜ್ ಬಂತು, ಪಾಠ ಇಂಗ್ಲಿಷಲ್ಲಿ. ಮೆಕಾಲೆಯ ಕುಖ್ಯಾತ ಶಿಕ್ಷಣ ಟಿಪ್ಪಣಿ ಬಂದಿದ್ದು ಫೆಬ್ರವರಿ 2ಕ್ಕೆ. ಅಂದ್ರೆ ಎಲ್ಲದಕ್ಕೂ ಮೆಕಾಲೆಯನ್ನೇ ಬೈಯೋ ನಮ್ಮ ಅಭ್ಯಾಸ ಇಲ್ಲಿ ಐದು ದಿನ ತಪ್ಪಿಹೋಗುತ್ತೆ!

ಈ ಕತೆಯಲ್ಲಿ ನನಗೆ ಇಷ್ಟವಾದ ವ್ಯಕ್ತಿ ಮಧುಸೂದನ ಗುಪ್ತ. ಬಂಗಾಳದ ವೈದ್ಯ ಜಾತಿಯವರು, ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದ ಪಾಠ ಮಾಡ್ತಿದ್ದವರು. ಒಂದು ಇಂಗ್ಲಿಷ್ ಅನಾಟಮಿ ಪುಸ್ತಕವನ್ನ ಸಂಸ್ಕೃತಕ್ಕೆ ತಂದವರು, ಸುಶ್ರುತ ಸಂಹಿತೆಯ ಅಚ್ಚಿನ ಆವೃತ್ತಿಯನ್ನ ಸಂಪಾದಿಸಿದವರು. ಅವರ ತರಗತಿಯನ್ನೇ ಸರ್ಕಾರ ಮುಚ್ಚಿತು, ಅವರನ್ನ ಹೊಸ ಮೆಡಿಕಲ್ ಕಾಲೇಜಿಗೆ ಕಳಿಸಿತು. 1836ರಲ್ಲಿ ಅಲ್ಲಿ ಶವಚ್ಛೇದನಕ್ಕೆ ಚಾಕು ಹಿಡಿದವರು ಇವರೇ. ಆ ಕಾಲದಲ್ಲಿ ಮೇಲ್ಜಾತಿಯ ಹಿಂದೂ ಒಬ್ಬ ಹೆಣ ಮುಟ್ಟೋದು ಅಂದ್ರೆ ಮಡಿ, ಮೈಲಿಗೆ, ಬಹಿಷ್ಕಾರ ಎಲ್ಲ ಎದುರಿಸಬೇಕಾದ ಸಂಗತಿ. ಕೋಟೆಯಿಂದ ತೋಪು ಹಾರಿಸಿದ್ರು ಅಂತೆಲ್ಲ ಹೇಳ್ತಾರೆ, ಅದನ್ನ ದಂತಕತೆ ಅಂತಲೇ ಇಟ್ಕೊಳ್ಳಿ. ನನಗೆ ಮುಖ್ಯ ಅನ್ಸೋದು ಬೇರೆ. ಭಾರತದಲ್ಲಿ ಆಧುನಿಕ ಅನಾಟಮಿ ಶುರುವಾಗಿದ್ದರ ಸಂಕೇತ ಅಂತ ಎಲ್ಲರೂ ಹೇಳೋ ಆ ಮನುಷ್ಯ ಸುಶ್ರುತ ಓದಿದ ಪಂಡಿತ. ನಂತರದವರು ಆಯುರ್ವೇದ ಒಂದು ಕಡೆ, ಅಲೋಪತಿ ಇನ್ನೊಂದು ಕಡೆ ಅಂತ ಗೋಡೆ ಕಟ್ಟಿದರು. ಗುಪ್ತರಿಗೆ ಆ ಗೋಡೆ ಇರ್ಲಿಲ್ಲ.

ಗೋಡೆ ನಿಜವಾಗಿ ಎದ್ದಿದ್ದು 1910ರ ದಶಕದಲ್ಲಿ. ಬಾಂಬೆ ಪ್ರಾಂತ್ಯದಲ್ಲಿ 1912ರಲ್ಲಿ, ಮದ್ರಾಸಿನಲ್ಲಿ 1914ರಲ್ಲಿ ವೈದ್ಯಕೀಯ ನೋಂದಣಿ ಕಾಯ್ದೆಗಳು ಬಂದವು. ರಿಜಿಸ್ಟರಿನಲ್ಲಿ ಹೆಸರಿದ್ದವನೇ ಡಾಕ್ಟರ್. ವೈದ್ಯರು, ಹಕೀಮರು ರಿಜಿಸ್ಟರಿನ ಹೊರಗೆ. ಆಯುರ್ವೇದ ಕಾಲೇಜಿನ ಜೊತೆ ನಂಟು ಇಟ್ಕೊಂಡ ರಿಜಿಸ್ಟರ್ಡ್ ಡಾಕ್ಟರ ಮೇಲೂ ಕ್ರಮ ತಗೋಬಹುದಾ ಅನ್ನೋ ವಿಷಯ ಮದ್ರಾಸಿನಲ್ಲಿ ದೊಡ್ಡ ವಿವಾದವೇ ಆಯ್ತು.

ವೈದ್ಯರು ಇದಕ್ಕೆ ಕೊಟ್ಟ ಉತ್ತರ ಜಾಣತನದ್ದು. ನಿಮಗೆ ಕಾಲೇಜು, ಸಿಲೆಬಸ್, ಪರೀಕ್ಷೆ, ಸರ್ಟಿಫಿಕೇಟ್ ಬೇಕಾ? ಸರಿ, ನಾವೂ ಮಾಡ್ತೀವಿ ಅಂದ್ರು. ಮೈಸೂರಿನವರಿಗೆ ಇದು ಆಗಲೇ ಗೊತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1908ರಲ್ಲೇ ಅಲ್ಲಿ ಸರ್ಕಾರಿ ಆಯುರ್ವೇದ ಕಾಲೇಜು ಶುರುವಾಗಿತ್ತು. ದಸರಾ ಜಂಬೂಸವಾರಿ ನೋಡೋಕೆ ಸಯ್ಯಾಜಿ ರಾವ್ ರಸ್ತೆಯಲ್ಲಿ ನಿಂತಿದ್ದೀರಾ ಅಂದ್ರೆ ಆಯುರ್ವೇದಿಕ್ ಆಸ್ಪತ್ರೆ ಸರ್ಕಲ್ ನೋಡೇ ಇರ್ತೀರ. ಅದೇ ಅದು. ನಮ್ಮ ರಾಜ್ಯದ ಅತಿ ಹಳೇ ಆಯುರ್ವೇದ ಕಾಲೇಜು. ಕಲ್ಕತ್ತಾದಲ್ಲಿ 1916ರಲ್ಲಿ ಜಾಮಿನಿ ಭೂಷಣ ರಾಯ್ ಅಷ್ಟಾಂಗ ಆಯುರ್ವೇದ ಕಾಲೇಜು ತೆರೆದರು. ಅದೇ ಊರಿನ ಕವಿರಾಜ ಗಣನಾಥ ಸೇನ್ ಸಂಸ್ಕೃತದಲ್ಲೇ 'ಪ್ರತ್ಯಕ್ಷ ಶಾರೀರಂ' ಅಂತ ಅನಾಟಮಿ ಪಠ್ಯಪುಸ್ತಕ ಬರೆದರು. ಹೆಸರಲ್ಲೇ ಇದೆ ನೋಡಿ, ಪ್ರತ್ಯಕ್ಷ. ಅಂದ್ರೆ ಕಣ್ಣಿಂದ ಕಂಡದ್ದು. ಭಾಷೆ ಸಂಸ್ಕೃತ, ಒಳಗಿನ ದೇಹ ಆಧುನಿಕ ಅನಾಟಮಿಯದು.

ಇಲ್ಲೊಂದು ತಮಾಷೆ ಪ್ರಸಂಗ. 1925ರ ಮೇ ತಿಂಗಳಲ್ಲಿ ಆ ಅಷ್ಟಾಂಗ ಆಯುರ್ವೇದ ವಿದ್ಯಾಲಯದ ಶಂಕುಸ್ಥಾಪನೆಗೆ ಗಾಂಧೀಜಿಯನ್ನ ಕರೆದ್ರು. ಗಾಂಧಿ ಅಂದ್ರೆ ಸ್ವದೇಶಿ, ಇವರು ನಮ್ಮ ಕಡೆಯವರೇ ಅಂತ ವೈದ್ಯರು ಅಂದ್ಕೊಂಡಿರಬೇಕು. ಗಾಂಧಿ ಅಲ್ಲಿ ನಿಂತು ವೈದ್ಯರನ್ನೇ ತರಾಟೆಗೆ ತಗೊಂಡ್ರು. ಇಲ್ಲದ್ದನ್ನೆಲ್ಲ ಗುಣ ಮಾಡ್ತೀವಿ ಅಂತೀರಿ, ಹಳೇ ವೈಭವ ಹೇಳ್ಕೊಂಡು ಕೂತಿದ್ದೀರಿ, ಹೊಸದಾಗಿ ಹುಡುಕೋ ಶ್ರಮ ಎಲ್ಲಿದೆ ಅನ್ನೋದು ಅವರ ತಕರಾರಿನ ತಿರುಳು. ವೈದ್ಯರಿಗೆ ಬೇಸರವಾಯ್ತು, ಪತ್ರ ಬಂತು, 'ಯಂಗ್ ಇಂಡಿಯಾ'ದಲ್ಲಿ ಗಾಂಧಿ ಮತ್ತೆ ಉತ್ತರ ಬರೆದರು. ಶಂಕುಸ್ಥಾಪನೆಗೆ ಬಂದ ಮುಖ್ಯ ಅತಿಥಿ ಈ ಥರ ಮಾತಾಡೋದನ್ನ ಇವತ್ತು ಊಹಿಸ್ಕೊಳ್ಳೋದೂ ಕಷ್ಟ.

ಈಗ ಮದ್ರಾಸ್‌ಗೆ ಬರೋಣ. ಆಗ ನಮ್ಮ ಮಂಗಳೂರು, ಉಡುಪಿ, ಬಳ್ಳಾರಿ ಎಲ್ಲ ಆ ಪ್ರಾಂತ್ಯದಲ್ಲೇ ಇದ್ದವು ಅನ್ನೋದು ನೆನಪಿರಲಿ. 1921ರಲ್ಲಿ ಮಹಮ್ಮದ್ ಉಸ್ಮಾನ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕೂತು, ಆಯುರ್ವೇದ, ಯುನಾನಿ, ಸಿದ್ಧ ಇವಕ್ಕೆ ವಿಜ್ಞಾನದ ನೆಲೆ ಇದೆಯಾ ಅಂತ ವಿಚಾರಿಸಿತು. 1923ರಲ್ಲಿ ವರದಿ ಬಂತು. ಸಮಿತಿಯ ಕಾರ್ಯದರ್ಶಿ ಜಿ. ಶ್ರೀನಿವಾಸ ಮೂರ್ತಿ. ಸ್ವತಃ ಅಲೋಪತಿ ಓದಿದ ಡಾಕ್ಟರ್, ಯುದ್ಧಕಾಲದಲ್ಲಿ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವರು. ಹೌದು, ಇದು ವಿಜ್ಞಾನವೇ, ಆದರೆ ಸರ್ಜರಿಯಂಥ ವಿಷಯಗಳಲ್ಲಿ ಹಿಂದೆ ಬಿದ್ದಿದೆ, ಅದನ್ನ ಹೊಸ ವೈದ್ಯದಿಂದ ತುಂಬಿಕೊಳ್ಳಬೇಕು ಅನ್ನೋ ದಾರಿಯಲ್ಲಿ ವಾದ ಕಟ್ಟಿದರು. ಆಮೇಲೆ ಮದ್ರಾಸಿನಲ್ಲಿ ಸರ್ಕಾರಿ ಸ್ಕೂಲ್ ಆಫ್ ಇಂಡಿಯನ್ ಮೆಡಿಸಿನ್ ತೆರೀತು, ಅವರೇ ಪ್ರಿನ್ಸಿಪಾಲ್. ಅಲ್ಲಿ ಓದಿದವರಿಗೆ ಎಲ್.ಐ.ಎಂ. ಅನ್ನೋ ಪದವಿ. ನಿಮ್ಮ ಊರಲ್ಲಿ ಅಜ್ಜನ ಕಾಲದ ಡಾಕ್ಟರ ಹಳೇ ಬೋರ್ಡ್ ಇದ್ರೆ ನೋಡಿ, ಹೆಸರಿನ ಮುಂದೆ ಆ ಮೂರಕ್ಷರ ಸಿಕ್ಕರೂ ಸಿಗಬಹುದು.

ಈ ದಾರಿಗೆ 'ಮಿಶ್ರ' ಪದ್ಧತಿ ಅಂತ ಹೆಸರು ಬಿತ್ತು. ಇದರ ಅತಿ ದೊಡ್ಡ ಪ್ರಯೋಗ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ. ಮದನ ಮೋಹನ ಮಾಳವೀಯರು 1920ರ ದಶಕದಲ್ಲಿ ಅಲ್ಲಿ ಆಯುರ್ವೇದ ಕಾಲೇಜು ಕಟ್ಟಿದರು, ಜೊತೆಗೆ ಸರ್ ಸುಂದರ್‌ಲಾಲ್ ಆಸ್ಪತ್ರೆ. ಆಯುರ್ವೇದ ಒಂದು ವಿಶ್ವವಿದ್ಯಾಲಯದ ಡಿಗ್ರಿ ಆಯ್ತು. ವಿದ್ಯಾರ್ಥಿ ಬೆಳಿಗ್ಗೆ ಚರಕ ಓದಬೇಕು, ಶವಚ್ಛೇದನವನ್ನೂ ಮಾಡ್ಬೇಕು, ವಾರ್ಡಿಗೂ ಹೋಗ್ಬೇಕು.

ಆ ಕಾಲೇಜಿಗೆ ನಮ್ಮ ಕರಾವಳಿಯಿಂದ ಹೋದ ಹುಡುಗನೇ ಕೆ. ಎನ್. ಉಡುಪ, ಕಟೀಲ್ ನರಸಿಂಹ ಉಡುಪ. ಹುಟ್ಟಿದ್ದು 1920ರಲ್ಲಿ. ಬನಾರಸಿನಲ್ಲಿ ಆಯುರ್ವೇದದ ಡಿಗ್ರಿ ಪಡೆದರು. ಆಮೇಲೆ ಅಮೆರಿಕಕ್ಕೆ ಹೋಗಿ ಮಿಶಿಗನ್‌ನಲ್ಲಿ ಸರ್ಜರಿಯಲ್ಲಿ ಎಂ.ಎಸ್., ಕೆನಡಾದಲ್ಲಿ ಎಫ್‌ಆರ್‌ಸಿಎಸ್. ವಾಪಸ್ ಬಂದು ಹಿಮಾಚಲದಲ್ಲಿ ಸರ್ಜನ್ ಆಗಿ ಕೆಲಸ. ಸ್ವಲ್ಪ ಯೋಚನೆ ಮಾಡಿ, ಸುಶ್ರುತ ಓದಿ ಆಮೇಲೆ ಅಮೆರಿಕದ ಆಪರೇಷನ್ ಥಿಯೇಟರಿನಲ್ಲಿ ನಿಂತವರು. ಮಿಶ್ರ ಪದ್ಧತಿ ಗೆದ್ದಿದೆ ಅನ್ನೋದಕ್ಕೆ ಇವರಿಗಿಂತ ಸಾಕ್ಷಿ ಬೇಕಾ?

ಸಾಕ್ಷಿ ಒಬ್ಬರದ್ದು ಇತ್ತು, ಸಾವಿರಾರು ಜನರದ್ದು ಇರ್ಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಮಿಶ್ರ ಕಾಲೇಜುಗಳಲ್ಲಿ ಅಸಮಾಧಾನ ಹೊಗೆಯಾಡೋಕೆ ಶುರುವಾಯ್ತು. ವಿದ್ಯಾರ್ಥಿಗಳ ಲೆಕ್ಕಾಚಾರ ಸರಳ. ನಾವು ಅನಾಟಮಿ ಓದ್ತೀವಿ, ಫಿಸಿಯಾಲಜಿ ಓದ್ತೀವಿ, ಸರ್ಜರಿ ಓದ್ತೀವಿ, ಮೇಲಿಂದ ಸಂಸ್ಕೃತದ ಸಂಹಿತೆಗಳನ್ನೂ ಓದ್ತೀವಿ. ಆದ್ರೆ ಎಂಬಿಬಿಎಸ್ ಮಾಡಿದವನಿಗೆ ಸಿಗೋ ಸಂಬಳ, ಹುದ್ದೆ, ಮರ್ಯಾದೆ ನಮಗಿಲ್ಲ. ಹಾಗಾದ್ರೆ ನಮ್ಮ ಕಾಲೇಜನ್ನೇ ಎಂಬಿಬಿಎಸ್ ಕಾಲೇಜು ಮಾಡಿ ಅಂತ ಬೀದಿಗಿಳಿದರು. ಆಯುರ್ವೇದದ ವಿರೋಧಿಗಳು ಹೊರಗಿಂದ ಬಂದು ಮುಚ್ಚಿಸಿದ್ದಲ್ಲ ಇದು. ಒಳಗೆ ಕೂತು ಓದ್ತಿದ್ದ ಮಕ್ಕಳೇ ಕೇಳಿದ್ದು. ಆಯುರ್ವೇದದ ಇತಿಹಾಸ ಹೇಳೋರು ಈ ಭಾಗವನ್ನ ಬೇಗ ಬೇಗ ದಾಟಿಬಿಡ್ತಾರೆ. ನನಗೆ ಇದೇ ಮುಖ್ಯ ಪುಟ ಅನ್ಸುತ್ತೆ.

ದೆಹಲಿಯಲ್ಲಿ ಸಮಿತಿಗಳು ಸಾಲುಗಟ್ಟಿದ್ವು. 1948ರ ಚೋಪ್ರಾ ಸಮಿತಿ ಎರಡೂ ವೈದ್ಯಗಳು ಸೇರಬೇಕು ಅಂತು. ಆಮೇಲೆ ಪಂಡಿತ್ ಸಮಿತಿ, ದವೆ ಸಮಿತಿ. 1958ರಲ್ಲಿ ಕೇಂದ್ರ ಸರ್ಕಾರ ಆಯುರ್ವೇದದ ಸ್ಥಿತಿಗತಿ ನೋಡೋಕೆ ನೇಮಿಸಿದ ಸಮಿತಿಗೆ ಅಧ್ಯಕ್ಷರು ನಮ್ಮ ಉಡುಪರೇ. ಮಿಶ್ರ ಶಿಕ್ಷಣ ಬೇಕು, ಅದಕ್ಕೊಂದು ಶಿಸ್ತು ಬೇಕು, ದೇಶಕ್ಕೆಲ್ಲ ಒಂದು ಕೇಂದ್ರ ಪರಿಷತ್ತು ಬೇಕು ಅನ್ನೋ ನಿಲುವು ಅವರ ವರದಿಯದ್ದು.

1960ರಲ್ಲಿ ಬನಾರಸಿನ ಆಯುರ್ವೇದ ಕಾಲೇಜು ಕಾಲೇಜ್ ಆಫ್ ಮೆಡಿಕಲ್ ಸೈನ್ಸಸ್ ಆಗಿ ಬದಲಾಯ್ತು. ಅಲ್ಲಿ ಎಂಬಿಬಿಎಸ್ ಪಾಠ ಶುರುವಾಯ್ತು. ಅದರ ಮೊದಲ ಪ್ರಿನ್ಸಿಪಾಲ್ ಯಾರು? ಉಡುಪ. ತಾವು ಓದಿದ ಕಾಲೇಜಿನ ಬೋರ್ಡ್ ಬದಲಾದಾಗ ಅದರ ಕುರ್ಚಿಯಲ್ಲಿ ಕೂತಿದ್ದವರು ಅದೇ ಕಾಲೇಜಿನ ಹಳೇ ವಿದ್ಯಾರ್ಥಿ. ಅದೇ ಹೊತ್ತಿಗೆ ಮದ್ರಾಸಿನಲ್ಲೂ ಇದೇ ಕತೆ. ಶ್ರೀನಿವಾಸ ಮೂರ್ತಿಯವರ ಶಾಲೆ ಬೆಳೆದು ಕಾಲೇಜಾಗಿತ್ತಲ್ಲ, ಅದರ ಜಾಗದಲ್ಲೇ ಇವತ್ತಿನ ಕಿಲ್ಪಾಕ್ ಮೆಡಿಕಲ್ ಕಾಲೇಜು ಹುಟ್ಟಿತು. ಚೆನ್ನೈನಲ್ಲಿ ಆ ಹೆಸರು ಕೇಳಿದವರಿಗೆ ಅದರ ಬೇರು ಎಲ್ಲಿದೆ ಅಂತ ಗೊತ್ತಿರೋದು ಕಡಿಮೆ.

ಉಡುಪರು ಆಯುರ್ವೇದಕ್ಕೆ ದ್ರೋಹ ಮಾಡಿದ್ರಾ? ಹಾಗೆ ಹೇಳೋರಿದ್ದಾರೆ. ನನಗೆ ಹಾಗನ್ನಿಸಲ್ಲ. 1963ರಲ್ಲಿ ಅದೇ ಕ್ಯಾಂಪಸ್ಸಿನಲ್ಲಿ ಭಾರತೀಯ ವೈದ್ಯದ ಸ್ನಾತಕೋತ್ತರ ಸಂಸ್ಥೆ ಎದ್ದಿತು. ಮುಂದಿನ ವರ್ಷ ಉಡುಪ ಮತ್ತು ಅವರ ಸಹೋದ್ಯೋಗಿ ಒಂದು ಬಳ್ಳಿಯ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯ್ತು. ಸಂಸ್ಕೃತದಲ್ಲಿ ಅಸ್ಥಿಸಂಹಾರಿ, ಅಂದ್ರೆ ಮೂಳೆ ಕೂಡಿಸೋದು. ಕನ್ನಡದಲ್ಲಿ ಮಂಗರವಳ್ಳಿ. ಬೇಲಿ ಮೇಲೆ ಚೌಕ ಚೌಕವಾಗಿ ಗೆಣ್ಣು ಗೆಣ್ಣಾಗಿ ಹಬ್ಬಿರುತ್ತಲ್ಲ, ಅಜ್ಜಿಯರು ಚಟ್ನಿ ಮಾಡ್ತಾರಲ್ಲ, ಅದೇ. ಕೈಗೆ ಎಣ್ಣೆ ಸವರ್ಕೊಂಡು ಹೆಚ್ಚದಿದ್ರೆ ತುರಿಕೆ ಗ್ಯಾರಂಟಿ. ಮುರಿದ ಮೂಳೆಯಲ್ಲಿ ಕ್ಯಾಲ್ಸಿಯಂ ಹೇಗೆ ಸೇರುತ್ತೆ ಅಂತ ವಿಕಿರಣಶೀಲ ಕ್ಯಾಲ್ಸಿಯಂ 45 ಬಳಸಿ, ಕೂಡಿದ ಮೂಳೆ ಎಷ್ಟು ಭಾರ ತಡೆಯುತ್ತೆ ಅಂತ ಅಳೆದು ನೋಡಿದರು. ಪ್ರಾಣಿಗಳ ಮೇಲಿನ ಪ್ರಯೋಗ ಅದು, ಮನುಷ್ಯರ ಚಿಕಿತ್ಸೆಗೆ ಅಷ್ಟೇ ಸಾಕು ಅಂತ ಯಾರೂ ಹೇಳಬಾರದು. ಆದ್ರೆ ಸಂಹಿತೆಯ ಒಂದು ಹೆಸರನ್ನ ತಗೊಂಡು, ಇದು ನಿಜವಾ ಅಂತ ಕೇಳೋ ಧೈರ್ಯ ಇತ್ತು. 1925ರಲ್ಲಿ ಗಾಂಧಿ ಕೇಳಿದ್ದು ಇದನ್ನೇ ಅಲ್ವಾ?

ಇನ್ನೊಂದು ಕಡೆ 'ಶುದ್ಧ' ಆಯುರ್ವೇದದವರಿದ್ದರು. ಅವರ ಮುಂಚೂಣಿಯಲ್ಲಿ ಪಂಡಿತ್ ಶಿವ ಶರ್ಮ. ಮಿಶ್ರಣದಿಂದ ಆಯುರ್ವೇದ ಉದ್ಧಾರ ಆಗಲ್ಲ, ಕರಗಿಹೋಗುತ್ತೆ, ಬನಾರಸ್ಸನ್ನೇ ನೋಡಿ ಅನ್ನೋದು ಈ ಕಡೆಯ ವಾದ. ಒಪ್ಪಲೇಬೇಕು, ಬನಾರಸಿನ ಉದಾಹರಣೆ ಅವರ ಪರವಾಗೇ ಇತ್ತು. ಗುಜರಾತಿನ ಮೋಹನಲಾಲ್ ವ್ಯಾಸ್ ಅಧ್ಯಕ್ಷತೆಯ ಸಮಿತಿ 1960ರ ದಶಕದ ಆರಂಭದಲ್ಲಿ ಶುದ್ಧ ಆಯುರ್ವೇದದ ಪಠ್ಯಕ್ರಮ ರಚಿಸಿತು. ಜಾಮ್‌ನಗರದಲ್ಲಿ ಗುಜರಾತ್ ಆಯುರ್ವೇದ ವಿಶ್ವವಿದ್ಯಾಲಯ ಬಂತು. ಆದ್ರೆ ಆಧುನಿಕ ವಿಷಯಗಳನ್ನ ಪೂರ್ತಿ ತೆಗೆದುಹಾಕಿದ ಕೋರ್ಸಿಗೆ ಹದಿನೆಂಟು ವರ್ಷದ ಹುಡುಗ ಯಾಕೆ ಬರ್ತಾನೆ ಅನ್ನೋ ಪ್ರಶ್ನೆಗೆ ಶುದ್ಧದವರ ಹತ್ರ ಉತ್ತರ ಇರ್ಲಿಲ್ಲ. ಮಿಶ್ರ ಓದಿದವನು ಎಂಬಿಬಿಎಸ್ ಕೇಳ್ತಾನೆ, ಶುದ್ಧಕ್ಕೆ ಸೇರೋಕೆ ಹಿಂಜರೀತಾನೆ.

ಕೊನೆಗೆ ಸಿಕ್ಕಿದ್ದು ರಾಜಿ. 1970ರಲ್ಲಿ ಸಂಸತ್ತು ಕಾಯ್ದೆ ಮಾಡಿ, ಮರುವರ್ಷ ಭಾರತೀಯ ವೈದ್ಯಪದ್ಧತಿಗಳ ಕೇಂದ್ರ ಪರಿಷತ್ತು ಬಂತು. ಊರಿಗೊಂದು ಹೆಸರಿನ ಡಿಗ್ರಿಗಳೆಲ್ಲ ಹೋಗಿ ದೇಶಕ್ಕೆಲ್ಲ ಬಿಎಎಂಎಸ್ ಬಂತು. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಹೆಸರಲ್ಲಿ 'ಮೆಡಿಸಿನ್ ಅಂಡ್ ಸರ್ಜರಿ' ಎರಡೂ ಇವೆ. ಕರ್ನಾಟಕದ ಕಾಲೇಜುಗಳು 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅದರ ಅಡಿಗೆ ಬಂದವು. ಈಗ ಸೀಟು ಸಿಗೋಕೆ ನೀಟ್ ಬರೀಬೇಕು. ರಾಜಿ ಅಂದೆ, ಯಾಕಂದ್ರೆ ಸಿಲೆಬಸ್ಸಿನಲ್ಲಿ ಎರಡೂ ಇವೆ, ಎರಡರ ನಡುವಿನ ಜಗಳ ಬಗೆಹರಿದಿಲ್ಲ. 206, 300, 360 ಮೂರೂ ಒಂದೇ ಉತ್ತರಪತ್ರಿಕೆಯಲ್ಲಿ ಪಕ್ಕಪಕ್ಕ ಕೂತಿವೆ.

ನನ್ನ ಚಿಕ್ಕಮ್ಮನ ಮಗಳು ಬಿಎಎಂಎಸ್ ಮಾಡಿದ್ದಾಳೆ. ಚೆನ್ನಾಗೇ ಓದಿದಳು. ಈಗ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಡಾಕ್ಟರ್. ರಾತ್ರಿ ಬಿಪಿ ನೋಡೋದು, ಡ್ರಿಪ್ ನೋಡೋದು, ಕನ್ಸಲ್ಟೆಂಟಿಗೆ ಫೋನ್ ಮಾಡೋದು. ಕಷಾಯ, ಪಂಚಕರ್ಮ ಯಾವುದೂ ಇಲ್ಲ ಅಲ್ಲಿ. "ಅಣ್ಣಾ, ಪೇಷೆಂಟ್ ಕಡೆಯವರು ನೀವು ಎಂಬಿಬಿಎಸ್ಸಾ ಅಂತ ಕೇಳಿದಾಗ ಒಂದು ಸೆಕೆಂಡ್ ಸುಮ್ನೆ ಇದ್ದು ಆಮೇಲೆ ಉತ್ತರ ಕೊಡ್ತೀನಿ" ಅಂದಳು. 1950ರ ದಶಕದ ಮುಷ್ಕರದ ಬಗ್ಗೆ ಓದುವಾಗೆಲ್ಲ ನನಗೆ ಆ ಒಂದು ಸೆಕೆಂಡ್ ನೆನಪಾಗುತ್ತೆ.

2020ರ ನವೆಂಬರಿನಲ್ಲಿ ಜಗಳ ಮತ್ತೆ ಬೀದಿಗೆ ಬಂತು. ಆಯುರ್ವೇದದಲ್ಲಿ ಶಲ್ಯ, ಶಾಲಾಕ್ಯ ಸ್ನಾತಕೋತ್ತರ ಪದವಿ ಮಾಡೋರಿಗೆ 58 ಶಸ್ತ್ರಚಿಕಿತ್ಸೆಗಳಲ್ಲಿ ತರಬೇತಿ ಅಂತ ಅಧಿಸೂಚನೆ ಹೊರಟಿತು. ಶಲ್ಯ ಅಂದ್ರೆ ಸಾಮಾನ್ಯ ಸರ್ಜರಿ, ಅದರಲ್ಲಿ 39. ಶಾಲಾಕ್ಯ ಅಂದ್ರೆ ಕಣ್ಣು, ಕಿವಿ, ಮೂಗು, ಹಲ್ಲು, ಅದರಲ್ಲಿ 19. ಪಟ್ಟಿಯಲ್ಲಿ ಅಪೆಂಡಿಕ್ಸ್ ಇತ್ತು, ಕಣ್ಣಿನ ಪೊರೆ ಇತ್ತು. ಡಿಸೆಂಬರ್ 11ರಂದು ಭಾರತೀಯ ವೈದ್ಯಕೀಯ ಸಂಘ ದೇಶಾದ್ಯಂತ ಹೊರರೋಗಿ ವಿಭಾಗ ಬಂದ್ ಮಾಡಿ ಪ್ರತಿಭಟಿಸಿತು. ಇದನ್ನ ಮೊದಲಿಂದಲೂ ಕಲಿಸ್ತಿದ್ದೀವಿ, ಈಗ ಸ್ಪಷ್ಟಪಡಿಸಿದ್ದೀವಿ ಅಷ್ಟೇ ಅಂತ ಸರ್ಕಾರ ಹೇಳಿತು. ಎರಡೂ ಕಡೆಯವರು ಟಿವಿಯಲ್ಲಿ ಸುಶ್ರುತನ ಹೆಸರು ಎತ್ತಿ ಕೂಗಾಡಿದರು. ಅರಿವಳಿಕೆ ಕೊಡೋದು ಯಾರು, ಆಪರೇಷನ್ ನಡುವೆ ಏರುಪೇರಾದ್ರೆ ನೋಡೋದು ಯಾರು, ಆ ಕಾಲೇಜಿನ ಆಸ್ಪತ್ರೆಗೆ ಕೈ ಪಳಗುವಷ್ಟು ರೋಗಿಗಳು ಬರ್ತಾರಾ ಅನ್ನೋ ಪ್ರಶ್ನೆಗಳು ಗದ್ದಲದಲ್ಲಿ ಮುಳುಗಿಹೋದವು. ರೋಗಿಗೆ ಬೇಕಾಗಿರೋದು ಆ ಉತ್ತರಗಳೇ.

2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗುಜರಾತಿನ ಒಂದು ಪ್ರಕರಣದಲ್ಲಿ, ಸರ್ಕಾರಿ ಸೇವೆಯಲ್ಲಿರೋ ಆಯುರ್ವೇದ ವೈದ್ಯರಿಗೆ ಎಂಬಿಬಿಎಸ್ ವೈದ್ಯರಷ್ಟೇ ಸಂಬಳ ಕೇಳೋ ಹಕ್ಕಿಲ್ಲ ಅಂತ ತೀರ್ಪು ಕೊಟ್ಟಿತು. ತುರ್ತು ಚಿಕಿತ್ಸೆ, ಅಪಘಾತದ ಗಾಯಾಳುಗಳ ಆರೈಕೆ, ಮರಣೋತ್ತರ ಪರೀಕ್ಷೆ ಇಂಥ ಕೆಲಸಗಳನ್ನ ಇಬ್ಬರೂ ಸಮನಾಗಿ ಮಾಡಲ್ಲ ಅನ್ನೋದು ಕೋರ್ಟ್ ಕೊಟ್ಟ ಕಾರಣ. ಮರಣೋತ್ತರ ಪರೀಕ್ಷೆ ಅನ್ನೋ ಪದ ಆ ಪಟ್ಟಿಯಲ್ಲಿ ನೋಡಿದಾಗ ನನಗೆ ಮಧುಸೂದನ ಗುಪ್ತರು ಕಣ್ಮುಂದೆ ಬಂದ್ರು. 1836ರಲ್ಲಿ ಚಾಕು ಹಿಡಿದಿದ್ದು ಆಯುರ್ವೇದದ ಮೇಷ್ಟ್ರು.

ಈ ಸಂಚಿಕೆ ಇಲ್ಲಿಗೆ ನಿಲ್ಲಿಸ್ತೀನಿ. ನೀವು ಬಿಎಎಂಎಸ್ ಓದ್ತಿದ್ರೆ, ಮೂಳೆ ಎಷ್ಟು ಅನ್ನೋ ಪ್ರಶ್ನೆಗೆ ನಿಮ್ಮ ಕಾಲೇಜಿನಲ್ಲಿ ಮೇಷ್ಟ್ರು ಏನು ಹೇಳಿಕೊಡ್ತಾರೆ ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಹೈದರಾಬಾದಿನ ಹಕೀಮರು ಮತ್ತು ಯುನಾನಿ ಕಾಲೇಜುಗಳ ಕತೆ.